ಸುಕ್ರಜ್ಜಿಯ ಸೊಲ್ಲು ಎತ್ತಿಕೊಳ್ಳುವವರು

ಎರಡೇ ತಿಂಗಳ ಅಂತರದಲ್ಲಿ ಅಂಕೋಲಾ ಇಬ್ಬರು ಅಜ್ಜಿಯರನ್ನು ಕಳೆದುಕೊಂಡಿತು. 2024ರ ಡಿಸೆಂಬರ್ 16ರಂದು ಹೊನ್ನಳ್ಳಿಯ ತುಳಸಿ ಗೌಡ ಹೋದರು. 2025ರ ಫೆಬ್ರುವರಿ 13ರಂದು ಬಡಗೇರಿಯ ಸುಕ್ರಿ ಬೊಮ್ಮಗೌಡ. ಇಬ್ಬರೂ ಹಾಲಕ್ಕಿ ಒಕ್ಕಲಿಗರು, ಇಬ್ಬರೂ ಅಕ್ಷರ ಕಲಿಯದವರು, ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ತುಳಸಜ್ಜಿ ನೆಟ್ಟ ಗಿಡಗಳು ಮರವಾಗಿ ನಿಂತಿವೆ; ಹೋಗಿ ಮುಟ್ಟಿ ಬರಬಹುದು. ಸುಕ್ರಜ್ಜಿ ಹೇಳಿದ ಪದಗಳು ಎಲ್ಲಿವೆ? ಅವರ ಬದುಕನ್ನು ಹಿಂತಿರುಗಿ ನೋಡಲು ಕೂತಾಗಲೆಲ್ಲ ಈ ಪ್ರಶ್ನೆಯೇ ಅಡ್ಡ ಬರುತ್ತದೆ.

ಪತ್ರಿಕೆಗಳು ಅವರನ್ನು ‘ಜಾನಪದ ಕೋಗಿಲೆ’ ಎಂದು ಕರೆದವು. ಪ್ರೀತಿಯಿಂದ ಇಟ್ಟ ಹೆಸರೇ. ಆದರೆ ಅದು ಅವರ ದನಿಯನ್ನಷ್ಟೇ ಹೇಳುತ್ತದೆ, ನೆನಪಿನ ಶಕ್ತಿಯನ್ನು ಹೇಳುವುದಿಲ್ಲ. ಅವರಿಗೆ ಐದು ಸಾವಿರ ಹಾಡು ಬಾಯಿಗೆ ಬರುತ್ತಿತ್ತು ಎಂಬ ಲೆಕ್ಕವನ್ನು ನಾವೆಲ್ಲ ಬರೆದಿದ್ದೇವೆ. ಕೂತು ಎಣಿಸಿದವರು ಯಾರು? ಹಾಲಕ್ಕಿ ಹೆಂಗಸರ ಹಾಡನ್ನು ಎಣಿಸುವುದೂ ಸುಲಭವಲ್ಲ. ಮದುವೆ ಮನೆಯಲ್ಲಿ ಒಂದೊಂದು ಶಾಸ್ತ್ರಕ್ಕೂ ಬೇರೆ ಬೇರೆ ಪದ ಇರುತ್ತದೆ. ಅದೇ ಪದ ಇನ್ನೊಂದು ಕೊಪ್ಪಕ್ಕೆ ಹೋದಾಗ ನಾಲ್ಕು ಸೊಲ್ಲು ಕೂಡಿಕೊಂಡಿರುತ್ತದೆ, ಎರಡು ಬಿಟ್ಟುಹೋಗಿರುತ್ತದೆ. ಸುಕ್ರಜ್ಜಿ ತಾಯಿಯ ಬಾಯಿಂದ ಕೇಳಿ ಕಲಿತವರು. ಕಲಿತದ್ದಕ್ಕೆ ತಮ್ಮದನ್ನೂ ಸೇರಿಸುತ್ತಿದ್ದರು.

ಆ ಹಾಡುಗಳ ಲಯ ಅರ್ಥವಾಗಬೇಕಾದರೆ ಗದ್ದೆಗೆ ಇಳಿಯಬೇಕು. ಜಿರಾಪತಿ ಮಳೆ, ಮೊಣಕಾಲ ತನಕ ಕೆಸರು, ಎಡಗೈಯಲ್ಲಿ ಸಸಿಯ ಕಟ್ಟು. ಬೆನ್ನು ಬಗ್ಗಿಸಿ ಸಾಲಾಗಿ ನಿಂತ ಹೆಂಗಸರಲ್ಲಿ ಒಬ್ಬಳು ಸೊಲ್ಲು ಎತ್ತುತ್ತಾಳೆ, ಉಳಿದವರು ಅದನ್ನೇ ಹಿಡಿದು ಮರಳಿ ಹೇಳುತ್ತಾರೆ. ಅವರು ಹೇಳುವಷ್ಟು ಹೊತ್ತಿನಲ್ಲಿ ಮೊದಲಿನವಳಿಗೆ ಉಸಿರು ಮರಳುತ್ತದೆ, ಮುಂದಿನ ಸೊಲ್ಲು ನೆನಪಾಗುತ್ತದೆ, ಕೈ ಇನ್ನೊಂದಿಷ್ಟು ಬುಡ ಊರಿರುತ್ತದೆ. ಕೇಳುವವರಿಗೆ ನಿಧಾನ ಎನಿಸುವ ಎಳೆತ ಬಗ್ಗಿದ ಬೆನ್ನಿನ ಉಸಿರಿನ ಅಳತೆ. ಹಾಗಾಗಿ ಈ ಪದ ಒಬ್ಬರಿಂದ ಪೂರ್ತಿಯಾಗುವುದಿಲ್ಲ; ಎತ್ತಿಕೊಳ್ಳುವವರು ಬೇಕು. ಮೈಕಿನ ಮುಂದೆ ಸುಕ್ರಜ್ಜಿಯೊಬ್ಬರನ್ನೇ ನಿಲ್ಲಿಸಿ ಐದು ನಿಮಿಷ ಕೊಟ್ಟ ಸಭೆಗಳಿಗೆ ಇದು ಹೊಳೆಯಲಿಲ್ಲ. ಅಂಥ ಸಭೆಗಳನ್ನು ನಾವೂ ನಡೆಸಿದ್ದೇವೆ. ಬೇಸರದಿಂದಲೇ ಇದನ್ನು ಒಪ್ಪಿಕೊಳ್ಳುತ್ತೇವೆ.

ಅವರ ಬದುಕಿನಲ್ಲಿ ನಮಗೆ ಅತಿ ದೊಡ್ಡದಾಗಿ ಕಾಣುವುದು ಸಾರಾಯಿ ವಿರುದ್ಧದ ಹೋರಾಟ. ಕುಡಿತದ ಸಂಕಟವನ್ನು ಅವರು ಸ್ವಂತ ಮನೆಯಲ್ಲೇ ಉಂಡಿದ್ದರು. ದಿನವಿಡೀ ದುಡಿದು ತಂದ ಕೂಲಿ ಸಂಜೆಗೆ ಸಾರಾಯಿಯ ಪಾಲಾಗುವುದು ಬಡಗೇರಿಯ ಪ್ರತಿ ಹೆಂಗಸಿಗೂ ಗೊತ್ತಿದ್ದ ಕಥೆ. ಹೊನ್ನಾವರದ ಕಡೆ ಕೆಲಸ ಮಾಡುತ್ತಿದ್ದ ವೈದ್ಯೆ ಕುಸುಮಾ ಸೊರಬ ಅವರ ಬಳಗದ ಬೆಂಬಲ ಸಿಕ್ಕಿದ ಮೇಲೆ ಈ ಹೆಂಗಸರು ಬೀದಿಗಿಳಿದರು. ಸುಕ್ರಜ್ಜಿ ಮುಂದೆ ನಿಂತರು. ಗದ್ದೆಯಲ್ಲಿ ಸೊಲ್ಲು ಎತ್ತಿ ಕೊಟ್ಟು ರೂಢಿಯಿದ್ದವರಿಗೆ ಹತ್ತು ಜನರನ್ನು ಒಂದೇ ದನಿಗೆ ತರುವುದನ್ನು ಹೊಸದಾಗಿ ಕಲಿಸಬೇಕಿರಲಿಲ್ಲ. ಉಪ್ಪಿನ ಸತ್ಯಾಗ್ರಹ, ಕರ ನಿರಾಕರಣೆ ಕಂಡ ತಾಲ್ಲೂಕು ಇದು. ಆ ಸಾಲಿನಲ್ಲೇ ಬಡಗೇರಿಯ ಹೆಂಗಸರ ಹೆಸರೂ ಬರಬೇಕು ಎಂಬುದು ನಮ್ಮ ಅಭಿಪ್ರಾಯ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಕುಡಿತ ನಿಲ್ಲಲಿಲ್ಲ. ಸುಕ್ರಜ್ಜಿಯೂ ಮದ್ಯದ ಮಾತು ನಿಲ್ಲಿಸಲಿಲ್ಲ. ಸನ್ಮಾನಕ್ಕೆ ಕರೆದ ವೇದಿಕೆಯಲ್ಲೂ ಅದನ್ನೇ ಎತ್ತುತ್ತಿದ್ದರು.

2017ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅವರ ಮುಂದೆ ಸುಕ್ರಜ್ಜಿ ನಿಂತದ್ದು ಹಾಲಕ್ಕಿ ಹೆಂಗಸರ ಉಡುಗೆಯಲ್ಲೇ: ಹೆಗಲ ಮೇಲೆ ಗಂಟು ಹಾಕಿದ ಸೀರೆ, ಕುತ್ತಿಗೆ ತುಂಬ ಕರಿಮಣಿ ಸರಗಳು. ಪೇಟೆಗೆ ಬಂದ ಹಾಲಕ್ಕಿ ಹುಡುಗಿಯರು ನಾಚಿಕೊಂಡು ಬಿಟ್ಟುಕೊಡುತ್ತಿದ್ದ ಉಡುಗೆ ಅದು. ಆ ದಿನ ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಗಳಲ್ಲಿ ಕಣ್ಣು ಒದ್ದೆಯಾಯಿತೋ!

ಪ್ರಶಸ್ತಿ ಬಂದ ಮೇಲೂ ಅವರ ಬೇಡಿಕೆ ಒಂದೇ ಇತ್ತು: ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ. ಕಾರವಾರದಿಂದ ಹೊನ್ನಾವರದ ತನಕ ಕಾಡು, ಗದ್ದೆ, ಕಡಲಿನ ನಡುವೆ ಬದುಕಿದ ಸಮುದಾಯದ ದಶಕಗಳ ಕೂಗು ಅದು. ಸುಕ್ರಜ್ಜಿ ಕಣ್ಣು ಮುಚ್ಚುವಾಗಲೂ ಈಡೇರಿರಲಿಲ್ಲ. ಅವರ ಪಕ್ಕ ನಿಂತು ಫೋಟೊ ತೆಗೆಸಿಕೊಂಡ ಎಲ್ಲ ಪಕ್ಷಗಳ ಮುಖಂಡರೂ ಇದಕ್ಕೆ ಉತ್ತರ ಕೊಡಬೇಕು.

ಇನ್ನು ಹಾಡಿನ ಮಾತು. ಆಕಾಶವಾಣಿ ಅವರ ಪದಗಳನ್ನು ದಾಖಲಿಸಿಕೊಂಡಿದೆ. ಎನ್.ಆರ್. ನಾಯಕ, ಶಾಂತಿ ನಾಯಕ ದಂಪತಿ ಈ ಕರಾವಳಿಯ ಜಾನಪದವನ್ನು ಸಂಗ್ರಹಿಸುವುದರಲ್ಲಿ ಆಯುಷ್ಯ ಸವೆಸಿದ್ದಾರೆ. ಇಷ್ಟು ಕೆಲಸ ಆಗದೇ ಹೋಗಿದ್ದರೆ ಇಂದು ಕೈ ಬರಿದಾಗಿರುತ್ತಿತ್ತು. ಆದರೂ ಪದಕ್ಕೆ ಜಾಗ ಕೊಟ್ಟ ಕೆಲಸಗಳೇ ಕಡಿಮೆಯಾಗಿವೆ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾದ ಊರುಗಳು ಎದ್ದುಹೋದಾಗ ಗದ್ದೆಗಳೂ ಹೋದವು. ಉಳಿದ ಕಡೆ ಎಷ್ಟೋ ಗದ್ದೆ ಬೀಳು ಬಿದ್ದಿವೆ. ಭತ್ತ ಕುಟ್ಟುವ ಒರಳು ಮೂಲೆ ಸೇರಿ ಎರಡು ತಲೆಮಾರು ಕಳೆಯಿತು. ಗಂಡಸರ ಸುಗ್ಗಿ ಕುಣಿತ, ಗುಮಟೆ ಪಾಂಗುಗಳಿಗೆ ಉತ್ಸವಗಳಲ್ಲಿ ವೇದಿಕೆ ಸಿಗುತ್ತದೆ. ತುರಾಯಿಯ ಬಣ್ಣ, ಗುಮಟೆಯ ಗುಡುಗು ಕಣ್ಣು ಕಿವಿ ಎರಡನ್ನೂ ಸೆಳೆಯುತ್ತವೆ. ಹೆಂಗಸರ ನಿಧಾನದ ಪದ ಕೇಳಲು ಕೂರುವ ವ್ಯವಧಾನ ನಮಗೆ ಸಾಲದು.

ಧ್ವನಿಮುದ್ರಣಗಳನ್ನು ಪಟ್ಟಿ ಮಾಡಿ, ಯಾವ ಪದ ಯಾವ ಕೆಲಸದ್ದು, ಯಾವ ಶಾಸ್ತ್ರದ್ದು ಎಂದು ಬರೆದು, ಜಿಲ್ಲೆಯ ಶಾಲೆಗಳಿಗೆ ತಲುಪಿಸುವುದು ಸರ್ಕಾರ ಮಾಡಬೇಕಾದ ಕೆಲಸ. ಅದಕ್ಕಾಗಿ ಕಾಯುತ್ತ ಕೂರಬೇಡಿ ಎಂದು ನಮ್ಮ ಓದುಗರಲ್ಲಿ ಕೇಳಿಕೊಳ್ಳುತ್ತೇವೆ. ಸುಕ್ರಜ್ಜಿ ಎತ್ತಿದ ಸೊಲ್ಲನ್ನು ಮರಳಿ ಹೇಳಬಲ್ಲ ಹೆಂಗಸರು ಹಾಲಕ್ಕಿ ಕೊಪ್ಪಗಳಲ್ಲಿ ಇನ್ನೂ ಇದ್ದಾರೆ, ಅವರಿಗೂ ವಯಸ್ಸಾಗಿದೆ. ನಿಮ್ಮ ಮನೆಯ ಹುಡುಗಿಯರನ್ನು ಕರೆದುಕೊಂಡು ಈ ನಾಟಿಯ ಹೊತ್ತಿಗೇ ಅವರ ಅಂಗಳಕ್ಕೆ ಹೋಗಿ.