ಗೇಣಿಯ ಹೊಲದ ಬೆಳೆ

ಜನಪ್ರಿಯ ಚಲಚ್ಚಿತ್ರಗಳ ಬೆನ್ನು ಹತ್ತಿ ಹೊರಡುವ ಕಾದಂಬರಿಗಳ ವಿಷಯದಲ್ಲಿ ವಿದ್ಯಾವಂತರು ಎರಡು ಪಕ್ಷಗಳಾಗಿ ನಿಂತಿರುತ್ತಾರೆ. ಚಿತ್ರದ ಅಭಿಮಾನಿಗಳು ರಕ್ಷಾಪುಟದ ಮೇಲೆ ತಮ್ಮ ಪ್ರಿಯ ನಾಯಕನ ಮುಖವನ್ನು ಕಂಡ ಮಾತ್ರಕ್ಕೆ ಪುಸ್ತಕವನ್ನು ಕೊಂಡೊಯ್ಯುವರು. ಸಾಹಿತ್ಯದ ಅಭಿಮಾನಿಗಳು ಅದೇ ಮುಖವನ್ನು ಕಂಡ ಮಾತ್ರಕ್ಕೆ ಪುಸ್ತಕವನ್ನು ಕೆಳಗಿಡುವರು. ಇಬ್ಬರೂ ಪುಟಗಳನ್ನು ತೆರೆದು ನೋಡಿ ತೀರ್ಮಾನಿಸಿದವರಲ್ಲ. ವಿಚಾರಣೆಯಿಲ್ಲದೆ ತೀರ್ಪು ಕೊಡುವ ಈ ಪದ್ಧತಿಯು ಯಾವ ಕ್ಷೇತ್ರದಲ್ಲಿಯೂ ಶ್ರೇಯಸ್ಕರವಲ್ಲವೆಂದು ನಂಬಿರುವ ನಾವು, ಒಂದು ಪ್ರತ್ಯಕ್ಷ ಉದಾಹರಣೆಯನ್ನು ಎತ್ತಿಕೊಂಡು ಈ ಪ್ರಶ್ನೆಯನ್ನು ಪರೀಕ್ಷಿಸಬಯಸುತ್ತೇವೆ. ಅಮೆರಿಕದ ಲೇಖಕರಾದ ಟಿಮೊಥಿ ಝಾನ್ ಅವರು ‘ಸ್ಟಾರ್ ವಾರ್ಸ್’ ಚಲಚ್ಚಿತ್ರಗಳ ಕಥೆಯನ್ನು ಮುಂದುವರಿಸಿ ಬರೆದ ‘ಏರ್ ಟು ದಿ ಎಂಪೈರ್’, ಎಂದರೆ ‘ಸಾಮ್ರಾಜ್ಯದ ವಾರಸುದಾರ’, ಎಂಬ ವೈಜ್ಞಾನಿಕ ಕಾದಂಬರಿಯೇ ಆ ಉದಾಹರಣೆ. 1991 ರಲ್ಲಿ ಪ್ರಕಟವಾದ ಈ ಪುಸ್ತಕವು ಓದತಕ್ಕದ್ದೇ, ಅಲ್ಲವೇ?

ಮೊದಲು ಇಂತಹ ಪುಸ್ತಕಗಳು ಹುಟ್ಟುವ ಬಗೆಯನ್ನು ತಿಳಿಯುವುದು ಅವಶ್ಯ. ಚಿತ್ರದ ಹೆಸರು, ಪಾತ್ರಗಳು, ಗ್ರಹಗಳು, ಆಯುಧಗಳು ಇವೆಲ್ಲವೂ ಒಂದು ಸಂಸ್ಥೆಯ ಸ್ವತ್ತು. ಸಂಸ್ಥೆಯಿಂದ ಪರವಾನಗಿ ಪಡೆದ ಪ್ರಕಾಶಕನು ಲೇಖಕನನ್ನು ಗೊತ್ತುಮಾಡುವನು. ಲೇಖಕನು ಬರೆದುದಕ್ಕೆ ಸಂಸ್ಥೆಯ ಒಪ್ಪಿಗೆ ಬೇಕು. ನಮ್ಮ ರೈತರಿಗೆ ಚಿರಪರಿಚಿತವಾದ ಮಾತಿನಲ್ಲಿ ಹೇಳುವುದಾದರೆ, ಇದು ಗೇಣಿಯ ಹೊಲದ ಸಾಗುವಳಿ. ಉಳುವವನೊಬ್ಬ, ಒಡೆಯನಿನ್ನೊಬ್ಬ. ಸ್ಟಾರ್ ವಾರ್ಸ್‌ನ ಮೊದಲ ಚಿತ್ರವು ತೆರೆಗೆ ಬಂದುದು 1977 ರ ಮೇ ತಿಂಗಳಲ್ಲಿ. ಅದರ ಕಾದಂಬರಿಯು ಅದಕ್ಕೂ ಮೊದಲೇ, 1976 ರಲ್ಲಿ, ಅಚ್ಚಾಗಿತ್ತು. ಪುಸ್ತಕದ ಮೇಲಿದ್ದ ಹೆಸರು ಚಿತ್ರದ ನಿರ್ದೇಶಕರಾದ ಜಾರ್ಜ್ ಲ್ಯೂಕಸ್ ಅವರದು. ಬರೆದವರು ಅಲನ್ ಡೀನ್ ಫಾಸ್ಟರ್.

ಅದೇ ಫಾಸ್ಟರ್ ಅವರು 1978 ರಲ್ಲಿ ‘ಸ್ಪ್ಲಿಂಟರ್ ಆಫ್ ದಿ ಮೈಂಡ್ಸ್ ಐ’ ಎಂಬ ಮುಂದಿನ ಕಥೆಯನ್ನು ಬರೆದರು. ಮೊದಲ ಚಿತ್ರವು ಹೆಚ್ಚು ಹಣ ಗಳಿಸದಿದ್ದರೆ, ಅಲ್ಪ ವೆಚ್ಚದಲ್ಲಿ ಎರಡನೆಯ ಚಿತ್ರವನ್ನು ಮಾಡಲು ಈ ಕಥೆಯು ಒದಗಲಿ ಎಂಬುದು ಆಗಿನ ಯೋಜನೆ. ಆದುದರಿಂದಲೇ ಕಥೆಯು ಸದಾ ಮಂಜು ಮುಸುಕಿದ ಒಂದೇ ಗ್ರಹದಲ್ಲಿ ನಡೆಯುತ್ತದೆ. ಹ್ಯಾನ್ ಸೋಲೋ ಎಂಬ ಜನಪ್ರಿಯ ಪಾತ್ರವು ಅದರಲ್ಲಿಲ್ಲ. ಏಕೆಂದರೆ ಆ ನಟನು ಮುಂದಿನ ಚಿತ್ರಕ್ಕೆ ಆಗ ಇನ್ನೂ ಕರಾರು ಮಾಡಿಕೊಂಡಿರಲಿಲ್ಲ. ಆ ಲೋಕದ ಆಕಾಶಕ್ಕೆ ಮಂಜು ಕವಿದುದು ಕವಿಯ ಸಂಕಲ್ಪದಿಂದಲ್ಲ, ಖರ್ಚುವೆಚ್ಚದ ಲೆಕ್ಕದಿಂದ. ಅಷ್ಟೇ ಅಲ್ಲ, ಈ ಕಥೆಯಲ್ಲಿ ಲ್ಯೂಕ್ ಮತ್ತು ಲಿಯಾ ಇವರ ನಡುವೆ ಅನುರಾಗದ ಸುಳಿವಿತ್ತು. 1983 ರ ಚಿತ್ರವು ಅವರಿಬ್ಬರೂ ಒಡಹುಟ್ಟಿದವರೆಂದು ಸಾರಿತು. ಒಡೆಯನು ತನ್ನ ಹೊಲದಲ್ಲಿ ಹೊಸ ಬದುವನ್ನು ಹಾಕಿದಾಗ ಗೇಣಿದಾರನ ಬೆಳೆಯು ಹೀಗೆ ಬದುವಿನಡಿ ಸಿಕ್ಕುವುದುಂಟು.

ಇಷ್ಟನ್ನು ಕೇಳಿದೊಡನೆ ‘ಎರವಲು ಪಾತ್ರ, ಎರವಲು ಕಥೆ; ಇದರಲ್ಲಿ ಓದುವುದೇನು?’ ಎನ್ನುವವರುಂಟು. ಕನ್ನಡಿಗರಾದ ನಾವು ಈ ಆಕ್ಷೇಪಣೆಯನ್ನು ಒಪ್ಪಲಾರೆವು. ಹತ್ತನೆಯ ಶತಮಾನದಲ್ಲಿ ಪಂಪನು ‘ವಿಕ್ರಮಾರ್ಜುನ ವಿಜಯ’ಕ್ಕಾಗಿ ವ್ಯಾಸರ ಕಥೆಯನ್ನು ಎರವಲು ತಂದನು, ತನ್ನ ಆಶ್ರಯದಾತನಾದ ಅರಿಕೇಸರಿಯನ್ನೇ ಅರ್ಜುನನಲ್ಲಿ ಕಂಡು ಹಾಡಿದನು. ಎರವಲಿನ ಮೇಲೆ ಆಶ್ರಯದಾತನ ಸ್ತುತಿಯೂ ಸೇರಿತು. ಆದರೂ ಅವನು ನಮ್ಮ ಆದಿಕವಿ. ಆದರೆ ಭೇದವೊಂದುಂಟು. ವ್ಯಾಸಭಾರತವು ಯಾರ ಖಾಸಗಿ ಸ್ವತ್ತೂ ಆಗಿರಲಿಲ್ಲ. ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯಾಗಿಸಿದನು. ಕೊನೆಗೆ ಪಟ್ಟವನ್ನೂ ಅರ್ಜುನನಿಗೇ ಕಟ್ಟಿದನು. ‘ಇದು ಅಧಿಕೃತವಲ್ಲ’ ಎಂದು ಅವನ ಕಾವ್ಯವನ್ನು ರದ್ದುಗೊಳಿಸುವ ಅಧಿಕಾರವು ಯಾರಿಗೂ ಇರಲಿಲ್ಲ. ಆದುದರಿಂದ ಎರವಲು ದೋಷವಲ್ಲ. ಎರವಲು ತಂದವನ ಕೈಗೆ ಕಟ್ಟು ಬಿದ್ದಿರುವುದೇ ತೊಡಕು. ಕಟ್ಟುಬಿದ್ದ ಕೈಯಿಂದಲೂ ತನ್ನದೇ ಆದುದನ್ನು ಲೇಖಕನು ಎಷ್ಟು ಬೆಳೆದನು ಎಂಬುದೇ ಇಲ್ಲಿ ಸರಿಯಾದ ಅಳತೆಗೋಲು.

ಈ ಅಳತೆಗೋಲಿನಿಂದ ಝಾನ್ ಅವರ ಪುಸ್ತಕವನ್ನು ಅಳೆಯೋಣ. ಅವರು ಗೇಣಿಗೆ ಬರುವ ಮೊದಲೇ ಸ್ವಂತ ಹೊಲವನ್ನು ಉತ್ತವರು, ಭೌತಶಾಸ್ತ್ರದಲ್ಲಿ ಪದವೀಧರರು, ತಮ್ಮದೇ ಕಲ್ಪನೆಯ ನೀಳ್ಗತೆಯೊಂದಕ್ಕೆ 1984 ರಲ್ಲಿ ಹ್ಯೂಗೋ ಪಾರಿತೋಷಕವನ್ನು ಪಡೆದವರು. 1983 ರ ಚಿತ್ರವು ದುಷ್ಟ ಚಕ್ರವರ್ತಿಯ ಪತನದೊಡನೆ, ಹಾಡು ಕುಣಿತಗಳೊಡನೆ ಮುಗಿದಿತ್ತು. ಕಾದಂಬರಿಯ ಕಾಲವು ಅದಾಗಿ ಐದು ವರ್ಷಗಳ ನಂತರದ್ದು. ಬಂಡಾಯಗಾರರಾಗಿದ್ದವರು ಈಗ ಸರಕಾರವನ್ನು ನಡೆಸಬೇಕಾಗಿದೆ. ಸರಕು ಸಾಗಿಸಲು ಹಡಗುಗಳಿಲ್ಲ. ಯುದ್ಧನೌಕೆಗಳ ಆಯುಧ ಸಲಕರಣೆಗಳನ್ನು ಕಳಚಿ ಅವುಗಳಲ್ಲಿಯೇ ಸಾಮಾನು ಹೇರಬೇಕಾಗಿದೆ. ನಿನ್ನೆಯ ಕಳ್ಳಸಾಗಣೆದಾರರನ್ನು ನ್ಯಾಯವಾದ ವ್ಯಾಪಾರಕ್ಕೆ ಒಲಿಸಬೇಕಾಗಿದೆ. ಗರ್ಭಿಣಿಯಾದ ಲಿಯಾ ಸಂಧಾನದ ಕಾರ್ಯಕ್ಕಾಗಿ ಗ್ರಹದಿಂದ ಗ್ರಹಕ್ಕೆ ಅಲೆಯುತ್ತಾಳೆ. ಮಂತ್ರಾಲೋಚನೆಯ ಸಭೆಯಲ್ಲಿ ಒಬ್ಬನು ಇನ್ನೊಬ್ಬನ ಪದವಿಗೆ ಹೊಂಚು ಹಾಕುತ್ತಾನೆ. ಕೊನೆಗೆ ಹೋರಾಟದ ವೀರನಾಗಿದ್ದ ನೌಕಾಧಿಪತಿಯೇ ದ್ರೋಹದ ಆಪಾದನೆಗೆ ಗುರಿಯಾಗಿ ಬಂಧನಕ್ಕೊಳಗಾಗುತ್ತಾನೆ.

ಸಾಮ್ರಾಜ್ಯವನ್ನು ಕೆಡಹುವುದು ಒಂದು ಕಾರ್ಯ. ಕೆಡಹಿದ ಸ್ಥಳದಲ್ಲಿ ರಾಜ್ಯವನ್ನು ಕಟ್ಟುವುದು ಬೇರೊಂದು ಕಾರ್ಯ. ಮೊದಲನೆಯದರ ಉತ್ಸಾಹವು ಎರಡನೆಯದಕ್ಕೆ ಸಾಲದು. ಈ ಸತ್ಯವನ್ನು ಚಿತ್ರವು ಹೇಳಲಿಲ್ಲ, ಕಾದಂಬರಿಯು ಹೇಳಿತು. ಸರಕಾರಿ ಕಚೇರಿಗಳಲ್ಲಿ ಕುಳಿತು ಕೆಲಸ ಮಾಡಿದ ನಮ್ಮ ವಾಚಕರು ಈ ಭಾಗಗಳನ್ನು ಓದುವಾಗ ನಕ್ಷತ್ರಲೋಕವನ್ನು ಮರೆತು ತಮ್ಮ ಮೇಜನ್ನೇ ನೆನೆದರೆ ಆಶ್ಚರ್ಯವಿಲ್ಲ.

ಪ್ರತಿನಾಯಕನ ಚಿತ್ರಣವೂ ಗಮನಾರ್ಹವಾದುದು. ಸಾಮ್ರಾಜ್ಯದ ಅಳಿದುಳಿದ ಪಡೆಗೆ ನಾಯಕನಾದ ಥ್ರಾನ್ ಎಂಬ ಮಹಾ ನೌಕಾಧಿಪತಿಯು ಮನುಷ್ಯಕುಲದವನಲ್ಲ, ನೀಲವರ್ಣದವನು, ಕೆಂಗಣ್ಣಿನವನು. ಮನುಷ್ಯೇತರರನ್ನು ಹೀನರೆಂದು ಎಣಿಸಿದ ಸಾಮ್ರಾಜ್ಯದಲ್ಲಿ ಬುದ್ಧಿಬಲವೊಂದರಿಂದಲೇ ಮೇಲೇರಿದವನು. ಶತ್ರುಜನಾಂಗದ ಚಿತ್ರ ಶಿಲ್ಪಗಳನ್ನು ಏಕಾಂತದಲ್ಲಿ ಅಭ್ಯಾಸ ಮಾಡಿ, ಅವುಗಳಲ್ಲಿ ಆ ಜನದ ದೌರ್ಬಲ್ಯವನ್ನು ಕಂಡುಹಿಡಿಯುವುದೇ ಅವನ ಯುದ್ಧತಂತ್ರ. ಆಳಿಸಿಕೊಳ್ಳುವವರ ಕಲೆ ಭಾಷೆಗಳನ್ನು ಅರಿಯುವುದು ಆಳುವವರಿಗೆ ಪ್ರೀತಿಯ ವಿಷಯವಾಗಿದ್ದಂತೆ ಅಧಿಕಾರದ ಸಾಧನವೂ ಆಗಿತ್ತೆಂಬುದನ್ನು ನಮ್ಮ ದೇಶದ ಇತಿಹಾಸದಿಂದ ಬಲ್ಲವರಿಗೆ, ಈ ಪಾತ್ರವು ಕೇವಲ ಕಟ್ಟುಕಥೆಯ ರಾಕ್ಷಸನಾಗಿ ತೋರದು.

ಹಾಗೆಂದು ನಾವು ಪುಸ್ತಕದ ದೋಷಗಳಿಗೆ ಕಣ್ಣು ಮುಚ್ಚಿಕೊಳ್ಳುವುದಿಲ್ಲ. ಒಂದು ಚಿತ್ರಪಟವನ್ನು ನೋಡಿ ಸೈನ್ಯವು ಎತ್ತ ತಿರುಗುವುದೆಂದು ಹೇಳುವ ಥ್ರಾನ್‌ನ ವಿದ್ಯೆಯು ಅನೇಕ ಸಲ ತರ್ಕವಾಗಿರದೆ ಇಂದ್ರಜಾಲವಾಗುತ್ತದೆ. ಪರಿಚಿತ ಪಾತ್ರಗಳು ಚಿತ್ರದಲ್ಲಿ ಆಡಿದ ಮಾತುಗಳ ಧಾಟಿಯನ್ನು ಅಲ್ಲಲ್ಲಿ ಮತ್ತೆ ಮತ್ತೆ ಹಿಡಿಯುತ್ತವೆ. ಗದ್ಯವು ಚುರುಕಾಗಿದೆಯೇ ಹೊರತು ನೆನಪಿನಲ್ಲಿ ನಿಲ್ಲುವಂತಹದಲ್ಲ. ವಿಜ್ಞಾನದ ಅಂಶವು ಸ್ವಲ್ಪವೇ. ಕಥೆಯೂ ಈ ಒಂದು ಸಂಪುಟದಲ್ಲಿ ಮುಗಿಯದು. 1992 ಮತ್ತು 1993 ರಲ್ಲಿ ಬಂದ ಇನ್ನೆರಡು ಸಂಪುಟಗಳನ್ನು ಓದಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮೂರು ಚಿತ್ರಗಳನ್ನು ನೋಡದವನಿಗೆ ಲ್ಯೂಕ್ ಯಾರು, ಲಿಯಾ ಯಾರು ಎಂಬುದು ಮನಸ್ಸಿಗೆ ತಟ್ಟದು. ಅಂಥವರಿಗೆ ನಾವು ಈ ಪುಸ್ತಕವನ್ನು ಶಿಫಾರಸು ಮಾಡಲಾರೆವು.

ಈ ಪುಸ್ತಕದ ಮೇಲೆ ಇನ್ನೊಂದು ಆಕ್ಷೇಪಣೆಯುಂಟು. ಇದು ಸಾಹಿತ್ಯದ ಕಡೆಯಿಂದ ಬಂದುದಲ್ಲ, ಒಡೆಯನ ಕಡೆಯಿಂದ ಬಂದುದು. 2012 ರಲ್ಲಿ ಡಿಸ್ನಿ ಸಂಸ್ಥೆಯು ಲ್ಯೂಕಸ್‌ಫಿಲ್ಮ್ ಸಂಸ್ಥೆಯನ್ನು ಕೊಂಡುಕೊಂಡಿತು. ಹೊಸ ಚಿತ್ರಗಳಿಗೆ ದಾರಿ ಮಾಡಿಕೊಡುವುದಕ್ಕಾಗಿ, ಅದುವರೆಗಿನ ಕಾದಂಬರಿಗಳ ಕಥೆಗಳು ಅಧಿಕೃತ ಇತಿಹಾಸವಲ್ಲ, ಅವು ಕೇವಲ ದಂತಕಥೆಗಳೆಂದು 2014 ರ ಏಪ್ರಿಲ್‌ನಲ್ಲಿ ಪ್ರಕಟಿಸಲಾಯಿತು. ಪುಸ್ತಕಗಳನ್ನು ಸುಡಲಿಲ್ಲ, ಮಾರಾಟವನ್ನು ನಿಲ್ಲಿಸಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ‘ನಡೆಯದಿದ್ದುದನ್ನು ಓದಿ ಪ್ರಯೋಜನವೇನು?’ ಎಂದು ಕೇಳುವ ಓದುಗರು ಅಂದಿನಿಂದ ಹುಟ್ಟಿಕೊಂಡರು. ಎರಡು ಕಟ್ಟುಕಥೆಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂಬುದನ್ನು ಸಂಸ್ಥೆಯೊಂದರ ಪ್ರಕಟಣೆಯಿಂದ ತಿಳಿಯಹೊರಡುವುದು ನಗೆಗೀಡಾದ ಮಾತಲ್ಲವೆ? ಸ್ವತ್ತು ಸಂಸ್ಥೆಯದಿರಬಹುದು, ಓದುಗನ ವಿವೇಚನೆಯು ಆ ಕ್ರಯಪತ್ರದಲ್ಲಿ ಸೇರಿಲ್ಲ.

ಒಡೆಯನ ನಡತೆಯೇ ಈ ಮಾತಿಗೆ ಸಾಕ್ಷಿಯಾಗಿದೆ. ಕಥಾಲೋಕದ ರಾಜಧಾನಿಗೆ ‘ಕೊರುಸ್ಕಂಟ್’ ಎಂಬ ಹೆಸರಿಟ್ಟವರು ಝಾನ್. 1999 ರ ಚಿತ್ರದಲ್ಲಿ ಲ್ಯೂಕಸ್ ಅವರು ಆ ಹೆಸರನ್ನೇ ಉಳಿಸಿಕೊಂಡರು. 2014 ರಲ್ಲಿ ಹೊರಗೆ ನಿಲ್ಲಿಸಲ್ಪಟ್ಟ ಥ್ರಾನ್‌ನನ್ನು 2016 ರ ದೂರದರ್ಶನ ಚಿತ್ರಮಾಲೆಗೆ ಮರಳಿ ಕರೆಯಲಾಯಿತು. 2017 ರಲ್ಲಿ ಅವನ ಕಥೆಯನ್ನು ಹೊಸದಾಗಿ ಬರೆಯಲು ಝಾನ್ ಅವರೇ ಬೇಕಾದರು. 2023 ರಲ್ಲಿ ನಟನೊಬ್ಬನು ಆ ವೇಷವನ್ನು ಧರಿಸಿ ಬಂದನು. ಇದು ಒಂಟಿ ನಿದರ್ಶನವಲ್ಲ. ‘ಸ್ಟಾರ್ ಟ್ರೆಕ್’ ಕಥೆಗಳ ನಾವಿಕ ಸುಲು ಎಂಬವನಿಗೆ ‘ಹಿಕಾರು’ ಎಂಬ ಹೆಸರನ್ನು ಕೊಟ್ಟವರು 1981 ರ ಕಾದಂಬರಿಯೊಂದರಲ್ಲಿ ಲೇಖಕಿ ವೊಂಡಾ ಮ್ಯಾಕಿಂಟೈರ್. ಹತ್ತು ವರ್ಷಗಳ ತರುವಾಯ ಚಲಚ್ಚಿತ್ರವು ಆ ಹೆಸರನ್ನು ಅಂಗೀಕರಿಸಿತು. ಗೇಣಿದಾರನನ್ನು ಎಬ್ಬಿಸಿದ ಮೇಲೆಯೂ ಅವನು ನೆಟ್ಟ ಮಾವಿನ ಮರದಿಂದ ಒಡೆಯನು ಹಣ್ಣು ಕೊಯ್ಯುತ್ತಿರುವನೆಂದರೆ, ಆ ಗಿಡವು ಒಳ್ಳೆಯ ಜಾತಿಯದೆಂಬುದಕ್ಕೆ ಬೇರೆ ಪ್ರಮಾಣವೇಕೆ?

ಆದುದರಿಂದ ನಮ್ಮ ಅಭಿಪ್ರಾಯವು ಸ್ಪಷ್ಟವಾಗಿದೆ. ಚಿತ್ರಗಳನ್ನು ನೋಡಿ ಮೆಚ್ಚಿದವರು ‘ಸಾಮ್ರಾಜ್ಯದ ವಾರಸುದಾರ’ನನ್ನು ನಿಸ್ಸಂಕೋಚವಾಗಿ ಓದಬಹುದು, ಓದಿದರೆ ಹೊತ್ತು ವ್ಯರ್ಥವಾಗದು. ಅದೇ ಕಪಾಟಿನಲ್ಲಿರುವ ಇತರ ಪುಸ್ತಕಗಳಿಗೆ ಈ ಮಾತನ್ನು ಸಾರಾಸಗಟಾಗಿ ಅನ್ವಯಿಸಬಾರದು. ಪ್ರತಿಯೊಂದನ್ನೂ ಕೈಗೆತ್ತಿಕೊಂಡು ಒಂದೇ ಒಂದು ಪ್ರಶ್ನೆಯನ್ನು ಕೇಳಬೇಕು: ಚಿತ್ರವು ನಮಗೆ ಕೊಡದೆ ಇದ್ದ ಯಾವುದನ್ನು ಇದು ಕೊಟ್ಟಿದೆ? ತೆರೆಯ ಮೇಲೆ ಕಂಡುದನ್ನೇ ಪುಟದ ಮೇಲೆ ಕಂಡರೆ ಪುಸ್ತಕವನ್ನು ಮುಚ್ಚಿಡಬಹುದು. ಕಾಣದಿದ್ದುದು ಕಂಡರೆ, ಹೊಲವು ಯಾರದೆಂದು ವಿಚಾರಿಸುತ್ತ ನಿಲ್ಲದೆ, ಬೆಳೆದವನ ಹೆಸರನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕು. ದುಡಿದವನಿಗೆ ಓದುಗನು ಸಲ್ಲಿಸಬಹುದಾದ ಪಾಲು ಅದೇ. ಅದನ್ನು ಸಲ್ಲಿಸಲು ಯಾವ ಒಡೆಯನ ಅಪ್ಪಣೆಯೂ ಬೇಕಾಗಿಲ್ಲ.