ಬಾಕಿ ಹಿಡಿದುಕೊಂಡು ಮಿಕ್ಕಿದ್ದು ಕೊಡಿ

ಓಕ್‌ಲ್ಯಾಂಡ್ ಕೌಂಟಿಯ ಖಜಾಂಚಿಯವರಿಗೆ,
ಪಾಂಟಿಯಾಕ್, ಮಿಷಿಗನ್

ಮಾನ್ಯರೇ,

ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್‌ಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರೂ ನಿಮ್ಮ ತೆರಿಗೆದಾರರು. ಅವರೂ ಓದಲಿ ಎಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆಸ್ತಿ ತೆರಿಗೆ ವಸೂಲಾಗಬೇಕು, ಅದರಲ್ಲಿ ತಕರಾರಿಲ್ಲ. ಯಾರೂ ವಾಸವಿಲ್ಲದೆ ಸೂರು ಕುಸಿದ ಮನೆಯನ್ನು ಬಾಕಿಗಾಗಿ ವಶಪಡಿಸಿಕೊಂಡು ಕೆಡವುವುದೋ ರಿಪೇರಿ ಮಾಡಿಸಿ ಮಾರುವುದೋ ಒಳ್ಳೆಯ ಕೆಲಸವೇ. ನೆರೆಯ ಜೆನೆಸೀ ಕೌಂಟಿ ತೆರಿಗೆ ಬಾಕಿಯ ಆಸ್ತಿ ಜಪ್ತಿಗೆಂದು ರಾಜ್ಯ ತಂದ 1999ರ ಕಾಯ್ದೆಯನ್ನು ಬಳಸಿಕೊಂಡು ಫ್ಲಿಂಟ್‌ನ ಪಾಳು ಮನೆಗಳಿಗಾಗಿ ಲ್ಯಾಂಡ್ ಬ್ಯಾಂಕನ್ನೇ, ಅಂದರೆ ಅಂಥ ಆಸ್ತಿಗಳನ್ನು ಪಡೆದು ಮತ್ತೆ ಬಳಕೆಗೆ ತರುವ ಸಂಸ್ಥೆಯನ್ನೇ, ಕಟ್ಟಿತು.

ನಿಮ್ಮದೇ ಕೌಂಟಿಯ ಸೌತ್‌ಫೀಲ್ಡ್‌ ನಗರದಲ್ಲಿ ಆದದ್ದು ಬೇರೆ. ಒಂದು ಮನೆಯ ಮೇಲೆ ಸುಮಾರು 22,600 ಡಾಲರ್ ಬಾಕಿಯಿತ್ತು. ಕೌಂಟಿ ಅದನ್ನು ಜಪ್ತಿ ಮಾಡಿತು. ಹರಾಜಿಗೂ ಮುಂಚೆ ಕೊಳ್ಳುವ ಹಕ್ಕು ನಗರಕ್ಕಿತ್ತು. ನಗರ ಬಾಕಿಯಷ್ಟೇ ಹಣ ಕಟ್ಟಿ ಮನೆ ಪಡೆಯಿತು. ಬಡಾವಣೆಯ ಪುನರುಜ್ಜೀವನದ ಹೆಸರಿನ ಖಾಸಗಿ ಸಂಸ್ಥೆಯೊಂದಕ್ಕೆ ಅದನ್ನು 1 ಡಾಲರಿಗೆ ಬರೆದುಕೊಟ್ಟಿತು. ಸಂಸ್ಥೆ 3,08,000 ಡಾಲರಿಗೆ ಮಾರಿತು. ಮನೆಯವರ ಕೈಗೆ ಒಂದು ಕಾಸೂ ಬರಲಿಲ್ಲ. ಅದೇ ಊರಿನಲ್ಲಿ ಉರಿ ರಫೇಲಿ ಎಂಬವರು ಕಟ್ಟಲು ಉಳಿಸಿಕೊಂಡದ್ದು 8 ಡಾಲರ್ 41 ಸೆಂಟ್. ಬಡ್ಡಿ, ದಂಡ, ಖರ್ಚು ಸೇರಿ 285 ಆಯಿತು. ಮನೆಯನ್ನು 24,500ಕ್ಕೆ ಹರಾಜು ಹಾಕಿ ಕೌಂಟಿ ಅಷ್ಟೂ ಇಟ್ಟುಕೊಂಡಿತು. ಇದು ಅಭಿವೃದ್ಧಿಯಲ್ಲ, ಸುಲಿಗೆ.

ಮಿಕ್ಕ ಹಣ ಮಾಲೀಕರದೇ ಎಂದು ಮಿಷಿಗನ್ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. 2023ರಲ್ಲಿ, ಮಿನ್ನೆಸೋಟಾದ ಪ್ರಕರಣವೊಂದರಲ್ಲಿ, ದೇಶದ ಸುಪ್ರೀಂ ಕೋರ್ಟ್ ಕೂಡ ಒಮ್ಮತದಿಂದ ಅದನ್ನೇ ಹೇಳಿತು. ಆದರೂ ನಮ್ಮ ರಾಜ್ಯದ ತಿದ್ದುಪಡಿ ಕಾನೂನು ಆ ಹಣವನ್ನು ಒಂದು ಫಾರಂನ ಹಿಂದೆ ಇಟ್ಟಿದೆ. ಮನೆ ಕೈತಪ್ಪಿದ ವರ್ಷದ ಜುಲೈ 1ರೊಳಗೆ, ನೋಟರಿ ಮುಂದೆ ಸಹಿ ಹಾಕಿದ ಫಾರಂ ತಲುಪಿಸಬೇಕು. ಆ ಹೊತ್ತಿಗೆ ಹರಾಜೇ ಮುಗಿದಿರುವುದಿಲ್ಲ. ಏನಾದರೂ ಉಳಿಯುತ್ತದೋ ಇಲ್ಲವೋ ತಿಳಿಯದೆಯೇ ಕೇಳಬೇಕು. ಆಮೇಲೆ ಮುಂದಿನ ವರ್ಷ ಮತ್ತೆ ಕೋರ್ಟಿಗೆ ಅರ್ಜಿ.

ಗೃಹಸಾಲ ಇರುವವರ ತೆರಿಗೆಯನ್ನು ಸಾಮಾನ್ಯವಾಗಿ ಬ್ಯಾಂಕೇ ಕಟ್ಟುತ್ತದೆ. ಸಿಕ್ಕಿಬೀಳುವವರು ಹೆಚ್ಚಾಗಿ ಸಾಲ ತೀರಿಸಿದ ವೃದ್ಧರು, ತೀರಿಹೋದ ತಂದೆಯ ಹೆಸರಿನಿಂದ ಮನೆಪತ್ರ ಬದಲಾಯಿಸಿಕೊಳ್ಳದೆ ಅದೇ ಮನೆಯಲ್ಲಿರುವ ಮಕ್ಕಳು. ಇವರಲ್ಲಿ ಅನೇಕರಿಗೆ ಆ ಫಾರಂ ಇದೆಯೆಂಬುದೇ ಗೊತ್ತಿರಲಿಕ್ಕಿಲ್ಲ.

ಕಾನೂನು ಬದಲಾಯಿಸುವುದು ರಾಜಧಾನಿ ಲ್ಯಾನ್ಸಿಂಗ್‌ನ ಶಾಸಕರ ಕೆಲಸ, ಬಲ್ಲೆ. ಅವರ ಮುಂದೆ ನಿಂತು ಈ ಫಾರಂ ತೆಗೆದುಹಾಕಿ ಎಂದು ನೀವು ಕೇಳಬಹುದು. ಅಲ್ಲಿಯವರೆಗೆ ಪ್ರತಿ ಜಪ್ತಿ ನೋಟಿಸಿನ ಜೊತೆಗೂ ಫಾರಂ ಇಡಿಸಿ, ನಿಮ್ಮ ಕಚೇರಿಯಲ್ಲೇ ಪುಕ್ಕಟೆ ನೋಟರಿ ಕೂರಿಸಿ, ಜನ ವಾಸವಿರುವ ಮನೆಗಳಿಗೆ ಜೂನ್ ಮುಗಿಯುವ ಮೊದಲು ಸಿಬ್ಬಂದಿ ಕಳಿಸಿ ಬಾಗಿಲು ತಟ್ಟಿಸಿ. ಈ ವರ್ಷವೇ ಶುರುಮಾಡಿ ಎಂದು ಬೇಡುತ್ತೇನೆ.

ಇಂತಿ,
ನಿಮ್ಮ ಕೌಂಟಿಯ ಒಬ್ಬ ತೆರಿಗೆದಾರ