ಮೂರು ಸೆಕೆಂಡಿನ ಲೆಕ್ಕ

ಮಕ್ಕಳೇ, ಹೋದ ಶನಿವಾರ ನನ್ನ ಮೊಮ್ಮಗಳು ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. ಕಾಲು ಉಳುಕಿದ್ದರಿಂದ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಅವಳಿಗೆ ಗಡಿಯಾರ ನೋಡಿಕೊಳ್ಳುವ ಕೆಲಸ ಕೊಟ್ಟಿದ್ದರಂತೆ. ಕೊನೆಯ ನಿಮಿಷದಲ್ಲಿ ರೆಫರಿ ಸೀಟಿ ಊದಿ, ಮೇಜಿನ ಹತ್ತಿರ ಬಂದು, "ಎರಡು ಸೆಕೆಂಡು ವಾಪಸು ಹಾಕಮ್ಮ" ಎಂದರಂತೆ.

"ಎಲ್ಲರೆದುರು ನನ್ನ ತಪ್ಪು ಹಿಡಿದರು ತಾತ" ಎಂದು ಒಂದೇ ಅಳು.

ಆದದ್ದಿಷ್ಟು. ಗೆರೆಯಾಚೆಯಿಂದ ಒಬ್ಬ ಹುಡುಗಿ ಚೆಂಡು ಎಸೆದ ಕೂಡಲೇ ಇವಳು ಗುಂಡಿ ಒತ್ತಿಬಿಟ್ಟಿದ್ದಳು. ಚೆಂಡು ಯಾರ ಕೈಗೂ ಸಿಗದೆ ನೆಲದ ಮೇಲೆ ಉರುಳಿತ್ತು. ಅಂಗಳದೊಳಗಿನ ಆಟಗಾರ್ತಿ ಮುಟ್ಟಿದ ಮೇಲೆಯೇ ಗಡಿಯಾರ ಓಡಬೇಕು, ಅದು ನಿಯಮ.

ಗುಂಡಿ ಒತ್ತುವವರು ಮೇಜಿನಲ್ಲಿದ್ದರೂ ಜವಾಬ್ದಾರಿ ರೆಫರಿಯದು. ಅವರು ಅಂಗೈ ಬಿಡಿಸಿ ಕೈ ಎತ್ತಿದರೆ 'ನಿಲ್ಲಿಸು'. ಎತ್ತಿದ ಕೈಯನ್ನು ಕತ್ತಿಯಂತೆ ಇಳಿಸಿದರೆ 'ಓಡಿಸು'. ಪಂದ್ಯಕ್ಕೆ ಮುಂಚೆ ಗಡಿಯಾರವನ್ನು ಪರೀಕ್ಷಿಸಿ ಒಪ್ಪುವವರು ಮುಖ್ಯ ರೆಫರಿ. ಅಂಕಪಟ್ಟಿಗೆ ಅವರ ಸಹಿ ಬೀಳುವವರೆಗೂ ಸಮಯದ ತಪ್ಪನ್ನು ತಿದ್ದಬಹುದು.

ತಿದ್ದುವುದರಲ್ಲೇ ಎಡವಿದರೆ ಏನಾಗುತ್ತದೆ? 1972ರ ಮ್ಯೂನಿಕ್ ಒಲಿಂಪಿಕ್ಸ್ ಕಥೆ ಹೇಳಿದೆ. ಫೈನಲ್‌ನಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ. ಮೂರು ಸೆಕೆಂಡು ಉಳಿದಿರುವಾಗ ಡಗ್ ಕಾಲಿನ್ಸ್ ಎರಡು ಫ್ರೀ ಥ್ರೋ ಹಾಕಿ ಅಮೆರಿಕವನ್ನು 50-49ಕ್ಕೆ ತಂದರು. ಸೋವಿಯತ್‌ನವರು ಆಟ ಮುಂದುವರಿಸಿದರು. ಆದರೆ ಕೇಳಿದ ಟೈಮ್‌ಔಟ್ ಕೊಡಲಿಲ್ಲವೆಂದು ಅವರ ತರಬೇತುದಾರರು ಗಲಾಟೆ ಎಬ್ಬಿಸಿದರು. ಒಂದು ಸೆಕೆಂಡು ಇದ್ದಾಗ ರೆಫರಿ ಆಟ ನಿಲ್ಲಿಸಿದರು.

ಆಗ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯ ಮುಖ್ಯಸ್ಥರಲ್ಲೊಬ್ಬರಾದ ವಿಲಿಯಂ ಜೋನ್ಸ್ ಕೆಳಗಿಳಿದು ಬಂದು ಮೂರು ಬೆರಳು ತೋರಿಸಿದರು: ಮೂರು ಸೆಕೆಂಡು ಮರಳಿ ಕೊಡಿ! ಆಟದ ನಡುವೆ ಹಾಗೆ ಹೇಳುವ ಅಧಿಕಾರ ಅವರಿಗೆ ಇರಲಿಲ್ಲ. ಗಡಿಯಾರ ಸರಿಹೊಂದುವ ಮೊದಲೇ ಚೆಂಡು ಕೊಟ್ಟರು. ಹಾರ್ನ್ ಮೊಳಗಿತು, ಗೆದ್ದೆವೆಂದು ಅಮೆರಿಕದವರು ಕುಣಿದಾಡಿದರು. ಅದೂ ಲೆಕ್ಕಕ್ಕಿಲ್ಲ! ಮತ್ತೆ ಮೂರು ಸೆಕೆಂಡು. ಈ ಸಲ ಅಂಗಳದ ಆ ತುದಿಯಿಂದ ಹಾರಿಬಂದ ಚೆಂಡನ್ನು ಅಲೆಕ್ಸಾಂಡರ್ ಬೆಲೊವ್ ಬುಟ್ಟಿಗೆ ಹಾಕಿದರು. 51-50.

ಅಮೆರಿಕದ ಮೇಲ್ಮನವಿ 3-2 ಮತಗಳಿಂದ ಬಿದ್ದುಹೋಯಿತು. ಅದರ ಆಟಗಾರರು ಬೆಳ್ಳಿ ಪದಕವನ್ನು ಮುಟ್ಟಲೇ ಇಲ್ಲ.

ಮೊಮ್ಮಗಳ ಅಳು ನಿಂತಿತ್ತು. ನನ್ನ ಕಥೆಯನ್ನೂ ಹೇಳಿದೆ. ಬ್ಯಾಂಕಿಗೆ ಸೇರಿದ ಹೊಸದರಲ್ಲಿ 69 ಬರೆಯುವಲ್ಲಿ 96 ಬರೆದಿದ್ದೆ. ಸಂಜೆ ಲೆಕ್ಕ ತಾಳೆಯಾಗಲಿಲ್ಲ, 27 ರೂಪಾಯಿ ವ್ಯತ್ಯಾಸ. "ಒಂಬತ್ತರಿಂದ ಭಾಗವಾಗುತ್ತದೆ, ಎಲ್ಲೋ ಅಂಕಿ ಅದಲುಬದಲಾಗಿದೆ ನೋಡಪ್ಪಾ" ಎಂದರು ಸಾಹೇಬರು. ಹುಡುಕಿ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದರು. ನನಗೆ ನಾಚಿಕೆಯಾಯಿತು. ಆದರೆ ಅವರು ಸಹಿ ಹಾಕುವ ಮೊದಲೇ ಹಿಡಿದದ್ದರಿಂದ ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋದೆವು.

"ನಿಮ್ಮ ರೆಫರಿ ನಿನ್ನನ್ನು ಬೈದರಾ?" ಎಂದು ಕೇಳಿದೆ.

"ಇಲ್ಲ ತಾತ. ಹೋಗುವಾಗ 'ಥ್ಯಾಂಕ್ಸ್' ಅಂದರು."

"ಮತ್ತೆ? ಸೋತವರೂ ಗೆದ್ದವರೂ ತಕರಾರಿಲ್ಲದೆ ಮನೆಗೆ ಹೋದರಲ್ಲ!"

ಕಣ್ಣೊರೆಸಿಕೊಂಡು ಒಂದು ಕ್ಷಣ ಯೋಚಿಸಿದಳು. "ಮುಂದಿನ ಪಂದ್ಯಕ್ಕೂ ಗಡಿಯಾರ ನಾನೇ ನೋಡ್ತೀನಿ" ಎಂದಳು.